ಯಾರನ್ನೂ ಗದರದೆ 16 ವರ್ಷ ಸೆನೆಟ್ ನಡೆಸಿದ ಮೈಕ್ ಮ್ಯಾನ್ಸ್‌ಫೀಲ್ಡ್

ಪ್ರಶ್ನೆ: ಸರ್, ನಮ್ಮ ಖರ್ಗೆಯವರು ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ಪಕ್ಷ ವಿಪ್ ಕೊಟ್ಟರೆ ಇಲ್ಲಿನ ಸದಸ್ಯರು ಮೀರುವಂತಿಲ್ಲ. ಅಮೆರಿಕದ ಸೆನೆಟ್‌ನಲ್ಲಿ ಹಾಗಿಲ್ಲವಂತೆ. ಹಾಗಾದರೆ ಅಲ್ಲಿನ ‘ಮೆಜಾರಿಟಿ ಲೀಡರ್’ ಕೈಯಲ್ಲಿ ಏನಿರುತ್ತದೆ? ಲಿಂಡನ್ ಜಾನ್ಸನ್ ಹೇಗೆ ಎಲ್ಲರನ್ನೂ ಮಣಿಸುತ್ತಿದ್ದರು ಅಂತ ಓದಿದ್ದೇನೆ. ಅವರ ನಂತರ ಬಂದ ಮೈಕ್ ಮ್ಯಾನ್ಸ್‌ಫೀಲ್ಡ್ 16 ವರ್ಷ ಆ ಜಾಗದಲ್ಲಿದ್ದರಂತೆ. ಆದರೆ ಅವರನ್ನು ‘ಮೆತ್ತಗಿನ ನಾಯಕ’ ಅಂತ ಎರಡು ಸಾಲಲ್ಲಿ ಮುಗಿಸಿಬಿಡುತ್ತಾರೆ. ಅವರು ನಿಜಕ್ಕೂ ದುರ್ಬಲ ನಾಯಕರೇ?

ಉತ್ತರ: ಇಲ್ಲ. 20ನೇ ಶತಮಾನದ ಅಮೆರಿಕ ಕಂಡ ಅತ್ಯಂತ ದೊಡ್ಡ ಕಾನೂನುಗಳಲ್ಲಿ ಕೆಲವು ಸೆನೆಟ್ ದಾಟಿದ್ದು ಮ್ಯಾನ್ಸ್‌ಫೀಲ್ಡ್ ಕಾಲದಲ್ಲೇ. ಅವರ ಮೆತ್ತಗಿನ ಸ್ವಭಾವ ಅದಕ್ಕೆ ಅಡ್ಡಿಯಾಗಲಿಲ್ಲ. ಅದೇ ಅವರ ಕೆಲಸದ ವಿಧಾನವಾಗಿತ್ತು. ಆದರೆ ಆ ವಿಧಾನಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇನೆ.

ಮೊದಲು ಹುದ್ದೆಯ ವಿಷಯ. ಅಮೆರಿಕದ ಸಂವಿಧಾನದಲ್ಲಿ ಮೆಜಾರಿಟಿ ಲೀಡರ್ ಎಂಬ ಹೆಸರೇ ಇಲ್ಲ. ಸೆನೆಟ್‌ನ ಅಧ್ಯಕ್ಷತೆ ಉಪರಾಷ್ಟ್ರಪತಿಯದು, ನಮ್ಮ ರಾಜ್ಯಸಭೆಯಂತೆಯೇ. ಪಕ್ಷಗಳು ತಮ್ಮ ತಮ್ಮ ನಾಯಕನನ್ನು ಅಧಿಕೃತವಾಗಿ ಆರಿಸಲು ಶುರುಮಾಡಿದ್ದು 1920ರ ದಶಕದಲ್ಲಿ. 1937ರಲ್ಲಿ ಒಂದು ಪದ್ಧತಿ ಬಂತು. ಹಲವರು ಒಟ್ಟಿಗೆ ಎದ್ದು ನಿಂತರೆ ಮೊದಲ ಅವಕಾಶ ಮೆಜಾರಿಟಿ ಲೀಡರ್‌ಗೆ. ಕೇಳಲು ಚಿಕ್ಕದು, ಆದರೆ ಯಾವ ಮಸೂದೆಯನ್ನು ಯಾವಾಗ ಕೈಗೆತ್ತಿಕೊಳ್ಳಬೇಕು ಎನ್ನುವ ಹಿಡಿತ ಬಂದದ್ದು ಇದರಿಂದಲೇ. ಅವರಿಗೆ ಇರುವ ದೊಡ್ಡ ಅಸ್ತ್ರ ಅದೊಂದೇ.

ಇನ್ನು ಇಲ್ಲದಿರುವುದನ್ನು ನೋಡಿ. ನಮ್ಮಲ್ಲಿ 1985ರಲ್ಲಿ ಸಂವಿಧಾನಕ್ಕೆ 10ನೇ ಅನುಸೂಚಿ ಸೇರಿತು. ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ಅಂಥ ಕಾನೂನು ಇಲ್ಲ. ಅಲ್ಲೂ ವಿಪ್ ಇದ್ದಾರೆ, ಆದರೆ ಅವರ ಕೆಲಸ ಯಾರು ಯಾವ ಕಡೆ ಅಂತ ತಲೆ ಎಣಿಸುವುದು, ಮನವೊಲಿಸುವುದು. ಅದಕ್ಕಿಂತ ದೊಡ್ಡ ವ್ಯತ್ಯಾಸ ಟಿಕೆಟ್‌ನದು. ಇಲ್ಲಿ ಬಿ ಫಾರಂ ಹೈಕಮಾಂಡ್ ಕೈಯಲ್ಲಿರುತ್ತದೆ. ಅಲ್ಲಿ ಯಾರು ಅಭ್ಯರ್ಥಿ ಎಂದು ತೀರ್ಮಾನಿಸುವುದು ಆ ರಾಜ್ಯದ ಮತದಾರರು, ಪ್ರೈಮರಿ ಚುನಾವಣೆಯಲ್ಲಿ. ತನ್ನ ರಾಜ್ಯದ ಜನ ಜೊತೆಗಿದ್ದರೆ ಸೆನೆಟರ್ ಒಬ್ಬರು ತಮ್ಮ ಪಕ್ಷದ ನಾಯಕನ ಮುಖವನ್ನೂ ನೋಡಬೇಕಿಲ್ಲ. ಹೆದರಿಸಲು ನಾಯಕನ ಬಳಿ ಏನೂ ಇಲ್ಲ ಅಂತಲೇ ಹೇಳಬಹುದು.

1950–60ರ ದಶಕದ ಡೆಮಾಕ್ರಟಿಕ್ ಪಕ್ಷದಲ್ಲಂತೂ ಇದು ಇನ್ನೂ ಕಷ್ಟ. ಒಂದೇ ಪಕ್ಷದ ಹೆಸರಿನಲ್ಲಿ ಎರಡು ಪಕ್ಷಗಳಿದ್ದವು. ಉತ್ತರದ ಉದಾರವಾದಿಗಳು ಒಂದು ಕಡೆ. ಕಪ್ಪು ಜನರನ್ನು ಶಾಲೆ, ಹೋಟೆಲ್, ಬಸ್ಸು, ಮತಗಟ್ಟೆಯಿಂದ ದೂರವಿಟ್ಟ ವ್ಯವಸ್ಥೆಯನ್ನು ಕಾಪಾಡಲು ನಿಂತ ದಕ್ಷಿಣದವರು ಇನ್ನೊಂದು ಕಡೆ. ದಕ್ಷಿಣದವರು ಮತ್ತೆ ಮತ್ತೆ ಗೆದ್ದು ಬರುತ್ತಿದ್ದರು. ಹಿರಿತನದ ಲೆಕ್ಕದಲ್ಲಿ ದೊಡ್ಡ ಸಮಿತಿಗಳ ಅಧ್ಯಕ್ಷ ಸ್ಥಾನ ಅವರಿಗೇ ಸಿಗುತ್ತಿತ್ತು.

ಲಿಂಡನ್ ಜಾನ್ಸನ್ 1955ರಿಂದ 1961ರವರೆಗೆ ಈ ಗುಂಪನ್ನು ನಡೆಸಿದ ರೀತಿ ನೀವು ಓದಿದ್ದೀರಿ. ಯಾರಿಗೆ ಯಾವ ಸಮಿತಿ ಬೇಕು, ಯಾರ ರಾಜ್ಯಕ್ಕೆ ಯಾವ ಅಣೆಕಟ್ಟು ಬೇಕು, ಯಾರಿಗೆ ಚುನಾವಣೆಗೆ ಹಣ ಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಎದುರಿನವರ ಮುಖಕ್ಕೆ ಮುಖ ತಂದು, ತೋಳು ಹಿಡಿದು, ಬೇಡಿ, ಬೆದರಿಸಿ ಕೆಲಸ ಮಾಡಿಸುತ್ತಿದ್ದರು. 1957ರಿಂದ ಅವರ ವಿಪ್ ಆಗಿದ್ದವರು ಮೊಂಟಾನಾದ ಮೈಕ್ ಮ್ಯಾನ್ಸ್‌ಫೀಲ್ಡ್. ಜಾನ್ಸನ್ ಬೇಕೆಂದೇ ಇಂಥ ಶಾಂತ ಮನುಷ್ಯನನ್ನು ಆರಿಸಿಕೊಂಡರು ಅಂತ ನನ್ನ ಭಾವನೆ. ತಮಗೆ ಎದುರಾಗಿ ನಿಲ್ಲುವ ಎರಡನೆಯವನು ಅವರಿಗೆ ಬೇಕಿರಲಿಲ್ಲ.

ಮ್ಯಾನ್ಸ್‌ಫೀಲ್ಡ್ ಬದುಕನ್ನು ಸ್ವಲ್ಪ ತಿಳಿದುಕೊಂಡರೆ ಅವರ ಸ್ವಭಾವ ಅರ್ಥವಾಗುತ್ತದೆ. ಹುಟ್ಟಿದ್ದು 1903ರಲ್ಲಿ ನ್ಯೂಯಾರ್ಕ್‌ನಲ್ಲಿ, ಐರ್ಲೆಂಡ್‌ನಿಂದ ವಲಸೆ ಬಂದ ಬಡ ದಂಪತಿಗೆ. ಏಳು ವರ್ಷಕ್ಕೆ ತಾಯಿ ತೀರಿಕೊಂಡರು. ಮೊಂಟಾನಾದ ಗ್ರೇಟ್ ಫಾಲ್ಸ್‌ನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ನೆಂಟರ ಮನೆಗೆ ಮಕ್ಕಳನ್ನು ಕಳಿಸಿದರು. ಹುಡುಗ ಶಾಲೆ ಬಿಟ್ಟ. 14ನೇ ವಯಸ್ಸಿಗೆ ಸುಳ್ಳು ವಯಸ್ಸು ಹೇಳಿ ನೌಕಾಪಡೆ ಸೇರಿದ, ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಆಮೇಲೆ ಭೂಸೇನೆ, ನಂತರ ಮರೀನ್ ಪಡೆ. ಮರೀನ್ ಆಗಿ ಫಿಲಿಪ್ಪೀನ್ಸ್ ನೋಡಿದ, ಚೀನಾ ನೋಡಿದ. ಏಷ್ಯಾದ ಬಗ್ಗೆ ಜೀವನಪೂರ್ತಿ ಉಳಿದ ಆಸಕ್ತಿ ಅಲ್ಲಿ ಹುಟ್ಟಿದ್ದು. ಮುಂದೆ ಆರ್ಲಿಂಗ್ಟನ್‌ನಲ್ಲಿ ಅವರ ಸಮಾಧಿ ಕಲ್ಲಿನ ಮೇಲೆ ಸೆನೆಟರ್, ರಾಯಭಾರಿ ಅಂತ ಏನೂ ಬರೆಸಲಿಲ್ಲ. ಮರೀನ್ ಪಡೆಯ ಸಾಮಾನ್ಯ ಸಿಪಾಯಿ ಅಂತಷ್ಟೇ ಇದೆ.

ಊರಿಗೆ ಮರಳಿ ಬ್ಯೂಟ್ ಪಟ್ಟಣದ ತಾಮ್ರದ ಗಣಿಗಳಲ್ಲಿ ವರ್ಷಗಟ್ಟಲೆ ದುಡಿದರು. ಅಲ್ಲಿ ಮೌರೀನ್ ಹೇಯ್ಸ್ ಎಂಬ ಶಾಲಾ ಶಿಕ್ಷಕಿಯ ಪರಿಚಯವಾಯಿತು. ಓದು ಮುಂದುವರಿಸಿ ಅಂತ ಹಿಂದೆ ಬಿದ್ದವರು ಅವರು. ತಮ್ಮ ಜೀವವಿಮೆಯ ಹಣವನ್ನೂ ತೆಗೆದು ಅವರ ಓದಿಗೆ ಕೊಟ್ಟರು. 1932ರಲ್ಲಿ ಮದುವೆಯಾದರು. ಮ್ಯಾನ್ಸ್‌ಫೀಲ್ಡ್ 30 ವಯಸ್ಸಿನ ಹೊತ್ತಿಗೆ ಪದವೀಧರರಾದರು, ಮರುವರ್ಷ ಎಂ.ಎ. ಮುಗಿಸಿದರು, ಮಿಸೂಲಾದ ವಿಶ್ವವಿದ್ಯಾಲಯದಲ್ಲಿ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಇತಿಹಾಸ ಹೇಳಿಕೊಟ್ಟರು. 1942ರಲ್ಲಿ ಕೆಳಮನೆಗೆ ಗೆದ್ದರು. 1952ರಲ್ಲಿ ಸೆನೆಟ್‌ಗೆ. ಕಮ್ಯುನಿಸ್ಟರ ಬೇಟೆಗೆ ಹೆಸರಾದ ಜೋಸೆಫ್ ಮೆಕಾರ್ತಿ ಆ ಚುನಾವಣೆಯಲ್ಲಿ ಅವರ ವಿರುದ್ಧ ಮೊಂಟಾನಾಕ್ಕೇ ಬಂದು ಭಾಷಣ ಮಾಡಿದ್ದರು. ಆದರೂ ಗೆದ್ದರು.

1961ರ ಜನವರಿ. ಜಾನ್ಸನ್ ಉಪರಾಷ್ಟ್ರಪತಿಯಾದರು, ಮ್ಯಾನ್ಸ್‌ಫೀಲ್ಡ್ ನಾಯಕರಾದರು. ಮೊದಲ ದಿನವೇ ಒಂದು ಇಕ್ಕಟ್ಟು. ಡೆಮಾಕ್ರಟಿಕ್ ಸೆನೆಟರ್‌ಗಳ ಪಕ್ಷದ ಸಭೆಗೆ ಜಾನ್ಸನ್ನರೇ ಅಧ್ಯಕ್ಷತೆ ವಹಿಸಲಿ ಎಂಬ ಪ್ರಸ್ತಾಪವನ್ನು ಮ್ಯಾನ್ಸ್‌ಫೀಲ್ಡ್ ತಂದರು. ಇವರು ಇನ್ನು ಸೆನೆಟರ್ ಅಲ್ಲವಲ್ಲ ಅಂತ ಹಲವರು ಸಿಡಿದೆದ್ದರು. ಪ್ರಸ್ತಾಪ 46–17ರಿಂದ ಗೆದ್ದರೂ ಜಾನ್ಸನ್‌ಗೆ ವಿಷಯ ಅರ್ಥವಾಯಿತು. ಅವರು ಹಿಂದೆ ಸರಿದರು. ಆರು ವರ್ಷದ ಒತ್ತಡಕ್ಕೆ ಸದಸ್ಯರು ಬೇಸತ್ತಿದ್ದರು ಅನ್ನುವುದು ಆ 17 ಮತಗಳಲ್ಲಿ ಕಾಣುತ್ತದೆ.

ಮ್ಯಾನ್ಸ್‌ಫೀಲ್ಡ್ ಎಲ್ಲವನ್ನೂ ಹಂಚಿಬಿಟ್ಟರು. ಸಮಿತಿ ಸ್ಥಾನಗಳನ್ನು ಆಟದ ಕಾಯಿಯಾಗಿ ಬಳಸಲಿಲ್ಲ. ಮಸೂದೆ ನಡೆಸುವ ಹೊಣೆಯನ್ನು, ಗೆದ್ದಾಗ ಅದರ ಹೆಸರನ್ನೂ, ಬೇರೆಯವರಿಗೆ ಕೊಟ್ಟರು. ಹೊಸಬರಿಗೂ ಹಿರಿಯರಷ್ಟೇ ಬೆಲೆ ಅಂದರು. ರಿಪಬ್ಲಿಕನ್ ಪಕ್ಷದ ಜಾರ್ಜ್ ಐಕೆನ್ ಜೊತೆ ದಿನಾ ಬೆಳಗಿನ ತಿಂಡಿ. ಪತ್ರಕರ್ತರು ಉದ್ದುದ್ದ ಪ್ರಶ್ನೆ ಕೇಳಿದರೆ ಪೈಪ್ ಎಳೆಯುತ್ತಾ ‘ಹೌದು’, ‘ಇಲ್ಲ’ ಅಷ್ಟೇ. ಟಿವಿ ಸಂದರ್ಶನದಲ್ಲಿ ಕೇಳುವವರ ಬಳಿ ಪ್ರಶ್ನೆಗಳೇ ಖಾಲಿಯಾಗುತ್ತಿದ್ದವು.

ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಗೊಣಗಾಟ ಶುರುವಾಯಿತು. ರಾಷ್ಟ್ರಾಧ್ಯಕ್ಷ ಕೆನಡಿ ಕಳಿಸಿದ ಮಸೂದೆಗಳು ಅಲ್ಲಲ್ಲೇ ಸಿಕ್ಕಿಕೊಂಡಿದ್ದವು. 1963ರ ನವೆಂಬರ್‌ನಲ್ಲಿ ಅವರದೇ ಪಕ್ಷದ ಥಾಮಸ್ ಡಾಡ್ ಸದನದಲ್ಲೇ ಎದ್ದು, ನಾಯಕನಂತೆ ನಡೆದುಕೊಳ್ಳುವ ನಾಯಕ ಬೇಕು ಎಂಬರ್ಥದಲ್ಲಿ ಮಾತಾಡಿ, ಜಾನ್ಸನ್ ಕಾಲವನ್ನು ನೆನೆದರು. ಮ್ಯಾನ್ಸ್‌ಫೀಲ್ಡ್ ಒಂದು ಉತ್ತರ ಬರೆದರು. ನಾನು ಸರ್ಕಸ್ಸಿನ ಯಜಮಾನನಲ್ಲ, ಸೆನೆಟ್ ಸಿಂಹಗಳನ್ನು ಪಳಗಿಸುವವನೂ ಅಲ್ಲ, ಇಲ್ಲಿರುವ ಪ್ರತಿಯೊಬ್ಬರೂ ತಮ್ಮ ರಾಜ್ಯದ ಜನ ಆರಿಸಿ ಕಳಿಸಿದವರು, ಸೆನೆಟ್ ಏನು ಮಾಡುತ್ತದೆ ಎಂಬುದರ ಹೊಣೆ ಎಲ್ಲರದ್ದೂ ಹೌದು ಅನ್ನುವುದು ಅದರ ಸಾರ. ನಾಯಕನನ್ನು ಬದಲಿಸಬೇಕು ಅನಿಸಿದರೆ ಬದಲಿಸಿ ಅಂತಲೂ ಹೇಳಿದರು. ಅದನ್ನು ಓದಬೇಕಿದ್ದ ದಿನ 1963ರ ನವೆಂಬರ್ 22. ಅವತ್ತೇ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾಯಿತು. ಭಾಷಣ ಅಲ್ಲಿಗೇ ನಿಂತಿತು. ಐದು ದಿನದ ನಂತರ ಅದನ್ನು ಓದದೆ ಕಡತಕ್ಕೆ ಸೇರಿಸಿದರು. ಕೊನೆಗೆ ಸೆನೆಟ್ ಎದುರು ಅದನ್ನು ಓದಿದ್ದು 1998ರಲ್ಲಿ, 95ನೇ ವಯಸ್ಸಿನಲ್ಲಿ, ಸೆನೆಟ್‌ನವರೇ ಉಪನ್ಯಾಸಕ್ಕೆ ಕರೆದಾಗ.

ಈಗ 1964ಕ್ಕೆ ಬರೋಣ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಗರಿಕ ಹಕ್ಕುಗಳ ಮಸೂದೆ ಫೆಬ್ರವರಿ 10ರಂದು ಕೆಳಮನೆಯಲ್ಲಿ 290–130ರಿಂದ ಪಾಸಾಯಿತು. ಹೋಟೆಲ್, ಚಿತ್ರಮಂದಿರ, ಕೆಲಸದ ಜಾಗ, ಎಲ್ಲೆಡೆ ವರ್ಣಭೇದ ನಿಷೇಧ. ಸೆನೆಟ್‌ನಲ್ಲಿ ಅದು ನ್ಯಾಯಾಂಗ ಸಮಿತಿಗೆ ಹೋಗಬೇಕಿತ್ತು. ಅದರ ಅಧ್ಯಕ್ಷ ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್. ಅಲ್ಲಿಗೆ ಹೋದ ಇಂಥ ಮಸೂದೆಗಳು ಹೊರಗೆ ಬರುತ್ತಿರಲಿಲ್ಲ. ಮೆತ್ತಗಿನ ಮ್ಯಾನ್ಸ್‌ಫೀಲ್ಡ್ ಇಲ್ಲಿ ಏನು ಮಾಡಿದರು ನೋಡಿ. ಸೆನೆಟ್‌ನ 14ನೇ ನಿಯಮ ಬಳಸಿ, ಸಮಿತಿಗೆ ಕಳಿಸದೆ, ಮಸೂದೆಯನ್ನು ನೇರವಾಗಿ ಸದನದ ಕಾರ್ಯಪಟ್ಟಿಗೆ ಹಾಕಿದರು. ದಕ್ಷಿಣದವರ ಮುಖಂಡ, ಜಾರ್ಜಿಯಾದ ರಿಚರ್ಡ್ ರಸೆಲ್ ಆಕ್ಷೇಪ ಎತ್ತಿದರು. ಸದನ 54–37ರಿಂದ ಮ್ಯಾನ್ಸ್‌ಫೀಲ್ಡ್ ಪರ ನಿಂತಿತು.

ಮುಂದಿನ ಅಡ್ಡಿ ಫಿಲಿಬಸ್ಟರ್. ಸೆನೆಟ್‌ನಲ್ಲಿ ಒಬ್ಬ ಸದಸ್ಯ ಮಾತು ನಿಲ್ಲಿಸುವವರೆಗೆ ಮತಕ್ಕೆ ಹಾಕುವಂತಿಲ್ಲ. ಸರದಿಯಲ್ಲಿ ಮಾತಾಡುತ್ತಾ ಹೋದರೆ ಮಸೂದೆ ಅಲ್ಲೇ ಸಾಯುತ್ತದೆ. ನಿಲ್ಲಿಸಲು ಇದ್ದ ದಾರಿ ಕ್ಲೋಚರ್ ಒಂದೇ, ಅದಕ್ಕೆ ಆಗ ಹಾಜರಿದ್ದವರ ಮೂರನೇ ಎರಡರಷ್ಟು ಮತ ಬೇಕು. 100 ಜನ ಇದ್ದರೆ 67. ಡೆಮಾಕ್ರಟರು ಸರಿಯಾಗಿ 67 ಇದ್ದರು, ಆದರೆ ಅದರಲ್ಲಿ 20ಕ್ಕೂ ಹೆಚ್ಚು ಜನ ಎದುರು ಪಾಳೆಯದವರು.

ಹಗಲೂ ರಾತ್ರಿ ಸದನ ನಡೆಸಿ ಅವರನ್ನು ದಣಿಸಿ ಅಂತ ಒತ್ತಡ ಬಂತು. ಶ್ವೇತಭವನದಲ್ಲಿ ಈಗ ಅಧ್ಯಕ್ಷರಾಗಿದ್ದ ಜಾನ್ಸನ್‌ಗೂ ಅದೇ ಇಷ್ಟ. ಮ್ಯಾನ್ಸ್‌ಫೀಲ್ಡ್ ಒಪ್ಪಲಿಲ್ಲ. 1960ರಲ್ಲಿ ಜಾನ್ಸನ್ ಇದನ್ನೇ ಮಾಡಿ ಸೋತಿದ್ದನ್ನು ಅವರು ನೋಡಿದ್ದರು. ಲೆಕ್ಕ ಸರಳ. ಮಾತಾಡಲು ದಕ್ಷಿಣದ ಒಬ್ಬಿಬ್ಬರು ಸಾಕು, ಉಳಿದವರು ಮನೆಯಲ್ಲಿ ನಿದ್ದೆ ಮಾಡಬಹುದು. ಆದರೆ ಕೋರಂಗೆ 51 ಜನ ಬೇಕು, ಅವರನ್ನು ಒದಗಿಸಬೇಕಾದ್ದು ಮಸೂದೆ ಬೇಕೆನ್ನುವವರು. ದಣಿಯುವುದು ಯಾರು ಹಾಗಾದರೆ? ಅದಲ್ಲದೆ ವಯಸ್ಸಾದ ಸದಸ್ಯರ ಜೀವದ ಜೊತೆ ಆಟ ಬೇಡ, ಮಧ್ಯರಾತ್ರಿ ಪೈಜಾಮಾದಲ್ಲಿ ಓಡಾಡುವ ಸದನವನ್ನು ದೇಶಕ್ಕೆ ತೋರಿಸುವುದು ಬೇಡ ಅನ್ನುವುದು ಅವರ ನಿಲುವು.

ಅವರು ಇಟ್ಟ ನಂಬಿಕೆಯೆಲ್ಲ ಇನ್ನೊಂದು ಕಡೆ. ರಿಪಬ್ಲಿಕನ್ನರ ನಾಯಕ, ಇಲಿನಾಯ್‌ನ ಎವರೆಟ್ ಡರ್ಕ್ಸನ್. ಅವರು ಬಂದರೆ ಮಾತ್ರ 67. ಡರ್ಕ್ಸನ್‌ಗೆ ಮಾತು, ಕ್ಯಾಮೆರಾ, ಚಪ್ಪಾಳೆ ಎಲ್ಲ ಇಷ್ಟ. ಮ್ಯಾನ್ಸ್‌ಫೀಲ್ಡ್ ಅದೆಲ್ಲವನ್ನೂ ಅವರಿಗೇ ಬಿಟ್ಟುಕೊಟ್ಟರು. ಮಸೂದೆಯ ಮಾತುಕತೆ ನಡೆದದ್ದು ಡರ್ಕ್ಸನ್ ಕೋಣೆಯಲ್ಲಿ. ಬಹುಮತ ಪಕ್ಷದ ನಾಯಕ ಅಲ್ಪಮತದ ನಾಯಕನ ಕೋಣೆಗೆ ಹೋಗುವುದು ಅಂದರೆ ಸಣ್ಣ ವಿಷಯ ಅಲ್ಲ. ಸದನದಲ್ಲಿ ಮಸೂದೆ ನಡೆಸುವ ಹೊಣೆ ಆಗ ತಮ್ಮ ವಿಪ್ ಆಗಿದ್ದ ಹ್ಯೂಬರ್ಟ್ ಹಂಫ್ರಿಗೆ. ಕಣ್ಣಿಗೆ ಬೀಳುವ ಎರಡೂ ಪಾತ್ರ ಬೇರೆಯವರದು. ಮೇ 26ರಂದು ಮ್ಯಾನ್ಸ್‌ಫೀಲ್ಡ್ ಮತ್ತು ಡರ್ಕ್ಸನ್ ಹೆಸರಿನಲ್ಲೇ ಪರಿಷ್ಕೃತ ಮಸೂದೆ ಮುಂದೆ ಬಂತು. ಕೆಲವು ಕಡೆ ಮಾತು ಮೃದುವಾಗಿತ್ತು, ತಿರುಳು ಹಾಗೇ ಇತ್ತು.

ಜೂನ್ 10ರ ಬೆಳಿಗ್ಗೆ, ಮಸೂದೆಯನ್ನು ವಿರೋಧಿಸುತ್ತಿದ್ದ ಡೆಮಾಕ್ರಟ್ ರಾಬರ್ಟ್ ಬರ್ಡ್ 14 ಗಂಟೆಗಿಂತ ಹೆಚ್ಚು ಹೊತ್ತು ಮಾತಾಡಿ ಕೂತರು. ನಂತರ ಕ್ಲೋಚರ್‌ಗೆ ಮತ. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಮೆದುಳಿನ ಗೆಡ್ಡೆಯಿಂದ ಮಾತು ಕಳೆದುಕೊಂಡಿದ್ದರು. ಗಾಲಿಕುರ್ಚಿಯಲ್ಲಿ ಬಂದು ಕಣ್ಣಿನತ್ತ ಬೆರಳು ತೋರಿಸಿ ‘ಹೌದು’ ಎಂದು ಸೂಚಿಸಿದರು (ಇಂಗ್ಲಿಷ್‌ನಲ್ಲಿ ಕಣ್ಣು ಅಂದರೂ ‘ಐ’, ಹೌದು ಅನ್ನುವ ಮತಕ್ಕೂ ‘ಐ’). 71–29. ಅದರಲ್ಲಿ 44 ಡೆಮಾಕ್ರಟರು, 27 ರಿಪಬ್ಲಿಕನ್ನರು. ನಾಗರಿಕ ಹಕ್ಕುಗಳ ಮಸೂದೆಯೊಂದರ ಮೇಲಿನ ಫಿಲಿಬಸ್ಟರ್ ಮುರಿದದ್ದು ಅದೇ ಮೊದಲು. ಜೂನ್ 19ರಂದು ಮಸೂದೆ 73–27ರಿಂದ ಪಾಸಾಯಿತು, ಜುಲೈ 2ಕ್ಕೆ ಕಾನೂನಾಯಿತು.

ಜಾನ್ಸನ್ ಶ್ವೇತಭವನದಿಂದ ಹಾಕಿದ ಒತ್ತಡ, ಬೀದಿಗಿಳಿದ ಲಕ್ಷಾಂತರ ಕಪ್ಪು ಜನರ ಹೋರಾಟ, ಇವಿಲ್ಲದೆ ಇದು ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಸದನದ ಒಳಗೆ 27 ರಿಪಬ್ಲಿಕನ್ನರು ಬಂದದ್ದು ಗದರಿಕೆಗಲ್ಲ. ಸೋತವರಿಗೂ ಮೋಸ ಆಯ್ತು ಅಂತ ಹೇಳಲು ಆಗಲಿಲ್ಲ. ಯಾವ ದಿನ ಏನು ಮಾಡುತ್ತೇನೆ ಅಂತ ರಸೆಲ್‌ಗೆ ಮುಂಚೆಯೇ ಹೇಳಿಯೇ ಮ್ಯಾನ್ಸ್‌ಫೀಲ್ಡ್ ಹೆಜ್ಜೆ ಇಡುತ್ತಿದ್ದರು. ಈ ಭಾಗವನ್ನು ನಮ್ಮ ತರಗತಿಗಳಲ್ಲಿ ಹೇಳಿಕೊಡುವುದೇ ಇಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಆ ದಾರಿ ತೆರೆದ ಮೇಲೆ ಉಳಿದವು ಬೇಗ ಬಂದವು. 1965ರ ಮತದಾನದ ಹಕ್ಕುಗಳ ಮಸೂದೆಯನ್ನು ಮ್ಯಾನ್ಸ್‌ಫೀಲ್ಡ್ ಮತ್ತು ಡರ್ಕ್ಸನ್ ಜೊತೆಯಾಗಿಯೇ ತಂದರು, ಮೇ ತಿಂಗಳಲ್ಲಿ 77–19ರಿಂದ ಪಾಸಾಯಿತು. ಅದೇ ವರ್ಷ ಹಿರಿಯರ ಆರೋಗ್ಯ ವಿಮೆ ಮೆಡಿಕೇರ್. 1968ರಲ್ಲಿ ಮನೆ ಬಾಡಿಗೆ, ಮಾರಾಟದಲ್ಲಿ ತಾರತಮ್ಯ ನಿಷೇಧ. ಅದಕ್ಕೆ ನಾಲ್ಕು ಸಲ ಕ್ಲೋಚರ್‌ಗೆ ಪ್ರಯತ್ನಿಸಬೇಕಾಯಿತು. 1970ರಲ್ಲಿ 18 ವರ್ಷದವರಿಗೆ ಮತ ಕೊಡುವ ತಿದ್ದುಪಡಿಯನ್ನು ಮ್ಯಾನ್ಸ್‌ಫೀಲ್ಡ್ ಸ್ವತಃ ತಂದರು. ವಿಯೆಟ್ನಾಂಗೆ ಹೋಗಿ ಸಾಯಲು 18 ಸಾಕಾದರೆ ಮತಕ್ಕೆ ಯಾಕೆ 21 ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಆ ಕಾನೂನು ರಾಷ್ಟ್ರಮಟ್ಟದ ಚುನಾವಣೆಗೆ ಮಾತ್ರ ಅನ್ವಯ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, 1971ರಲ್ಲಿ 26ನೇ ಸಂವಿಧಾನ ತಿದ್ದುಪಡಿ ಬಂತು. ನಮ್ಮಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ.

ರಿಪಬ್ಲಿಕನ್ ರಾಷ್ಟ್ರಾಧ್ಯಕ್ಷ ನಿಕ್ಸನ್ ಕಡೆಯವರು ಡೆಮಾಕ್ರಟರ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಹಗರಣದ ತನಿಖೆಯಲ್ಲೂ ಅವರ ಕೈಚಳಕ ಇದೆ. 1973ರ ಫೆಬ್ರವರಿಯಲ್ಲಿ ವಿಶೇಷ ಸಮಿತಿ ರಚನೆಗೆ ಸೆನೆಟ್ 77–0 ಮತ ಕೊಟ್ಟಿತು. ಒಬ್ಬ ರಿಪಬ್ಲಿಕನ್ ಕೂಡ ವಿರೋಧಿಸಲಿಲ್ಲ. ಅಧ್ಯಕ್ಷತೆಗೆ ಮ್ಯಾನ್ಸ್‌ಫೀಲ್ಡ್ ಆರಿಸಿದ್ದು ಸ್ಯಾಮ್ ಅರ್ವಿನ್ ಅವರನ್ನು. ಅರ್ವಿನ್ ದಕ್ಷಿಣದವರು, 1964ರ ಮಸೂದೆಯನ್ನು ವಿರೋಧಿಸಿದ್ದವರು. ಆದರೆ ಸಂವಿಧಾನ ಬಲ್ಲವರು, ವಯಸ್ಸಾದವರು, ರಾಷ್ಟ್ರಾಧ್ಯಕ್ಷರಾಗುವ ಆಸೆ ಇಲ್ಲದವರು. ನಿಕ್ಸನ್ ಮೇಲೆ ದ್ವೇಷಕ್ಕೆ ಮಾಡುತ್ತಿದ್ದಾರೆ ಅಂತ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಈಗ ಬೆಲೆಯ ವಿಷಯ. ಮೊದಲನೆಯದು ವಿಯೆಟ್ನಾಂ. ಸೆನೆಟ್‌ನಲ್ಲಿ ಆ ದೇಶದ ಬಗ್ಗೆ ಅವರಷ್ಟು ತಿಳಿದವರು ಯಾರೂ ಇರಲಿಲ್ಲ. 1962ರ ಕೊನೆಯಲ್ಲಿ ಕೆನಡಿ ಅವರನ್ನು ಅಲ್ಲಿಗೆ ಕಳಿಸಿದರು. ಮರಳಿ ಬಂದು, ಇದು ನಮ್ಮ ಯುದ್ಧವಾಗಿಬಿಡುತ್ತದೆ, ಎಚ್ಚರ, ಅಂತ ವರದಿ ಕೊಟ್ಟರು. ಕೆನಡಿಗೆ ಅದು ಹಿಡಿಸಲಿಲ್ಲ. ಜಾನ್ಸನ್‌ಗೆ ಒಂದರ ಮೇಲೊಂದು ಟಿಪ್ಪಣಿ ಬರೆದರು. 1965ರ ಜುಲೈನಲ್ಲಿ, ಸೇನೆ ಹೆಚ್ಚಿಸುವ ತೀರ್ಮಾನ ತಿಳಿಸಲು ಜಾನ್ಸನ್ ಸಂಸತ್ತಿನ ನಾಯಕರನ್ನು ಕರೆದಾಗ, ವಿರೋಧಿಸಿದ್ದು ಮ್ಯಾನ್ಸ್‌ಫೀಲ್ಡ್ ಒಬ್ಬರೇ. ಆದರೆ ಇದೆಲ್ಲ ಬಾಗಿಲು ಮುಚ್ಚಿದ ಕೋಣೆಯೊಳಗೆ. ಹೊರಗೆ, 1964ರ ಆಗಸ್ಟ್‌ನಲ್ಲಿ, ಜಾನ್ಸನ್ ಕೈಗೆ ಯುದ್ಧದ ಅಧಿಕಾರ ಕೊಟ್ಟ ಟೊಂಕಿನ್ ಕೊಲ್ಲಿ ನಿರ್ಣಯಕ್ಕೆ ಅವರೂ ಮತ ಹಾಕಿದರು. ವಿರುದ್ಧ ಬಿದ್ದದ್ದು ಎರಡೇ ಮತ. ತಮ್ಮ ಪಕ್ಷದವರೇ ಆದ ರಾಷ್ಟ್ರಾಧ್ಯಕ್ಷರನ್ನು ಬಹಿರಂಗವಾಗಿ ಎದುರಿಸಬಾರದು ಅನ್ನುವ ಮರ್ಯಾದೆ ಅವರನ್ನು ಕಟ್ಟಿಹಾಕಿತು. 1971ರಲ್ಲಿ ಸೇನೆ ಹಿಂತೆಗೆತಕ್ಕೆ ಗಡುವು ಹಾಕುವ ಅವರ ತಿದ್ದುಪಡಿಯನ್ನು ಸೆನೆಟ್ ಒಪ್ಪಿತು, ಕೆಳಮನೆಯ ಹೊಸ್ತಿಲಲ್ಲಿ ಆ ಗಡುವು ಉದುರಿಹೋಯಿತು. ಅಷ್ಟು ಹೊತ್ತಿಗೆ ಹತ್ತಾರು ಸಾವಿರ ಅಮೆರಿಕನ್ನರು, ಅದಕ್ಕಿಂತ ಎಷ್ಟೋ ಪಟ್ಟು ವಿಯೆಟ್ನಾಮೀಯರು ಸತ್ತಿದ್ದರು. ಗೊತ್ತಿದ್ದೂ ಐದಾರು ವರ್ಷ ಗಟ್ಟಿಯಾಗಿ ಹೇಳದೆ ಹೋದದ್ದನ್ನು ನಾನು ಸಣ್ಣ ತಪ್ಪು ಅಂತ ಬಿಡಲಾರೆ.

ಎರಡನೆಯದು ಇವತ್ತಿಗೂ ಅಮೆರಿಕವನ್ನು ಕಾಡುತ್ತಿದೆ. ಮೊದಲು ಒಂದು ಮಸೂದೆಗೆ ಫಿಲಿಬಸ್ಟರ್ ಶುರುವಾದರೆ ಸೆನೆಟ್‌ನ ಎಲ್ಲ ಕೆಲಸ ನಿಲ್ಲುತ್ತಿತ್ತು. 1970ರ ದಶಕದ ಆರಂಭದಲ್ಲಿ ಮ್ಯಾನ್ಸ್‌ಫೀಲ್ಡ್, ಆಗ ಅವರ ಜೊತೆಗಾರರಾಗಿದ್ದ ಅದೇ ರಾಬರ್ಟ್ ಬರ್ಡ್ ಸೇರಿ, ಎರಡು ಹಳಿ ಹಾಕಿದರು. ಸಿಕ್ಕಿಕೊಂಡ ಮಸೂದೆ ಒಂದು ಹಳಿಯಲ್ಲಿ ನಿಲ್ಲಲಿ, ಉಳಿದ ಕೆಲಸ ಇನ್ನೊಂದರಲ್ಲಿ ಸಾಗಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಅಡ್ಡಿ ಮಾಡುವವರಿಗೆ ಈಗ ಗಂಟೆಗಟ್ಟಲೆ ನಿಂತು ಮಾತಾಡುವ ಕಷ್ಟವೂ ಇಲ್ಲ, ದೇಶದ ಕೆಲಸ ನಿಲ್ಲಿಸಿದ ಅಪವಾದವೂ ಇಲ್ಲ. ಮಾಡ್ತೀನಿ ಅಂತ ಹೇಳಿದರೆ ಸಾಕಾಯಿತು. 1975ರಲ್ಲಿ ಕ್ಲೋಚರ್‌ಗೆ ಬೇಕಾದ ಮತ ಒಟ್ಟು ಸದಸ್ಯರ ಐದನೇ ಮೂರಕ್ಕೆ, ಅಂದರೆ 60ಕ್ಕೆ ಇಳಿಯಿತು. ಆ ನಿಯಮವನ್ನೂ ಬರೀ ಬಹುಮತದಿಂದ ಬದಲಿಸುವುದು ಬೇಡ ಅಂತ ಮ್ಯಾನ್ಸ್‌ಫೀಲ್ಡ್ ಹಠ ಹಿಡಿದಿದ್ದರು. 1964ರಲ್ಲಿ ಅಪರೂಪದ ಅಸ್ತ್ರವಾಗಿದ್ದ ಫಿಲಿಬಸ್ಟರ್ ಈಗ ದಿನನಿತ್ಯದ್ದು, ಸಾಮಾನ್ಯ ಮಸೂದೆಗೂ 60 ಮತ ಬೇಕು ಅನ್ನುವುದು ಅಲ್ಲಿ ಅಲಿಖಿತ ಕಾನೂನಾಗಿದೆ. ಸಹೋದ್ಯೋಗಿಗಳು ಮರ್ಯಾದಸ್ಥರು, ಸಿಕ್ಕ ಸಲುಗೆಯನ್ನು ದುರುಪಯೋಗ ಮಾಡುವುದಿಲ್ಲ ಅಂತ ಮ್ಯಾನ್ಸ್‌ಫೀಲ್ಡ್ ನಂಬಿದ್ದರು. ಅವರ ಕಾಲದ ಸೆನೆಟ್‌ಗೆ ಆ ನಂಬಿಕೆ ಬಹುಮಟ್ಟಿಗೆ ಸರಿಯಿತ್ತು. ನಂತರದವರಿಗೆ ಅವರು ನಿಯಮ ಬಿಟ್ಟುಹೋದರು, ಸ್ವಭಾವ ಬಿಟ್ಟುಹೋಗಲು ಆಗುವುದಿಲ್ಲವಲ್ಲ.

ಅವರು 1976ರ ಚುನಾವಣೆಗೆ ನಿಲ್ಲಲಿಲ್ಲ. 1977ರಲ್ಲಿ ರಾಷ್ಟ್ರಾಧ್ಯಕ್ಷ ಕಾರ್ಟರ್, ಮ್ಯಾನ್ಸ್‌ಫೀಲ್ಡ್ ಅವರನ್ನು ಜಪಾನ್‌ಗೆ ರಾಯಭಾರಿಯಾಗಿ ಕಳಿಸಿದರು. ವಿರೋಧ ಪಕ್ಷದ ರೇಗನ್ ಬಂದ ಮೇಲೂ ಅವರನ್ನೇ ಮುಂದುವರಿಸಿದರು, 1988ರವರೆಗೆ. 2001ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಪಕ್ಷದ ನಾಯಕರಾಗಿ ಅತಿ ಹೆಚ್ಚು ವರ್ಷ ಇದ್ದ ದಾಖಲೆಯನ್ನು 2023ರ ಜನವರಿಯಲ್ಲಿ ರಿಪಬ್ಲಿಕನ್ ಪಕ್ಷದ ಮಿಚ್ ಮೆಕಾನಲ್ ಮುರಿದರು. ಆದರೆ ಅದರಲ್ಲಿ ವಿರೋಧ ಪಕ್ಷದಲ್ಲಿ ಕೂತ ವರ್ಷಗಳೂ ಸೇರಿವೆ. ಮೆಜಾರಿಟಿ ಲೀಡರ್ ಆಗಿ ಒಂದೇ ಸಮನೆ 16 ವರ್ಷ ಕಳೆದವರು ಇವತ್ತಿಗೂ ಮ್ಯಾನ್ಸ್‌ಫೀಲ್ಡ್ ಒಬ್ಬರೇ.